ಪ್ರತಿವಾದಿ ಬರಲೇ ಇಲ್ಲ, ಆಮೇಲೆ?

ಕೇಳುಗರಿಗೆ ನಮಸ್ಕಾರ.

ಕೇಸು ಕರೆದಾಗ ಕೋರ್ಟಿನ ದಫೇದಾರರು ಬಾಗಿಲಿಗೆ ಬಂದು ಹೆಸರು ಕೂಗುತ್ತಾರೆ. ನಿಮ್ಮ ಹೆಸರು ಕೇಳಿಸಿತು, ನೀವು ಒಳಗೆ ಹೋಗಿ ಕೈಮುಗಿದು ನಿಂತಿರಿ. ಪ್ರತಿವಾದಿಯ ಹೆಸರನ್ನೂ ಕೂಗಿದರು. ಉತ್ತರ ಇಲ್ಲ. ಮತ್ತೆ ಕೂಗಿದರು. ವರಾಂಡದಲ್ಲಿ ಯಾರೂ ಏಳಲಿಲ್ಲ. ಆ ಗಳಿಗೆಯಲ್ಲಿ ಮನಸ್ಸು ಒಳಗೊಳಗೇ ಕುಣಿಯುತ್ತದೆ. 'ಆಸಾಮಿ ಬಂದಿಲ್ಲ, ಕೇಸು ಗೆದ್ದ ಹಾಗೇ' ಅಂತ. ಅದು ಅವಸರದ ಖುಷಿ. ಯಾಕೆ ಅಂತ ಹೇಳುತ್ತೇನೆ.

ನಾನು ಹೇಳುತ್ತಿರುವುದು ಸಣ್ಣ ಮೊತ್ತದ ದಾವೆಗಳ ಬಗ್ಗೆ. ಕೈಸಾಲ ವಾಪಸ್ ಬಂದಿಲ್ಲ, ಮಾಡಿದ ಕೆಲಸಕ್ಕೆ ದುಡ್ಡು ಕೊಟ್ಟಿಲ್ಲ, ಇಂಥವು. ಎದುರಿನವರು ಬಾರದೆ ಹೋದರೆ ಏನು ಮಾಡಬೇಕು ಅನ್ನುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದಲ್ಲಿದೆ. ವಕೀಲರ ಬಾಯಲ್ಲಿ ಅದು 'ಆರ್ಡರ್ ನೈನ್'.

ಆ ದಿನ ನ್ಯಾಯಾಧೀಶರು ಮೊದಲು ನೋಡುವುದು ನಿಮ್ಮ ಹಣದ ಲೆಕ್ಕವನ್ನಲ್ಲ. ಸಮನ್ಸ್, ಅಂದರೆ ಕೋರ್ಟಿಗೆ ಬನ್ನಿ ಅನ್ನುವ ಕರೆ, ಪ್ರತಿವಾದಿಗೆ ಜಾರಿ ಆಗಿದೆಯಾ, ಅಂದರೆ ತಲುಪಿದೆಯಾ ಅನ್ನುವುದನ್ನು. ಸರಿಯಾಗಿ ಜಾರಿ ಆಗಿದ್ದೂ ಬಂದಿಲ್ಲ ಎಂದಾದರೆ, 'ಏಕಪಕ್ಷೀಯ' ಅಂತ ಬರೆದು, ಅಂದರೆ ಅವರಿಲ್ಲದೆಯೇ, ಕೇಸು ಮುಂದುವರಿಸಬಹುದು. ಜಾರಿಯೇ ಆಗಿಲ್ಲವೋ, ಎರಡನೇ ಸಮನ್ಸ್ ಹೊರಡಬೇಕು. ಜಾರಿ ಆಗಿದೆ, ಆದರೆ ಬಂದು ಉತ್ತರ ಕೊಡುವಷ್ಟು ಸಮಯ ಸಿಕ್ಕಿಲ್ಲ ಎಂದಾದರೆ ಇನ್ನೊಂದು ತಾರೀಖು ಬೀಳುತ್ತದೆ.

ಹಾಗಾಗಿ ಎಲ್ಲವೂ ನಿಂತಿರುವುದು ವಿಳಾಸದ ಮೇಲೆ. ಇದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಯಾವುದೋ ಹಳೇ ರಸೀದಿಯಲ್ಲಿದ್ದ ವಿಳಾಸವನ್ನು ಹಾಗೇ ಬರೆಸಿಬಿಟ್ಟಿದ್ದೆ. 'ಮನೆ ಖಾಲಿ ಮಾಡಿದ್ದಾರೆ' ಅಂತ ಷರಾ ಬರೆದು ಅಮೀನರು, ಅಂದರೆ ಸಮನ್ಸ್ ತಲುಪಿಸುವ ಕೋರ್ಟಿನ ನೌಕರರು, ಅದನ್ನು ವಾಪಸ್ ತಂದರು. ಸಮನ್ಸ್ ಕಳಿಸಲು ಮತ್ತೆ ಪ್ರೊಸೆಸ್ ಫೀ, ಮತ್ತೆ ಓಡಾಟ. ತಪ್ಪು ನನ್ನದೇ, ಯಾರನ್ನು ಬೈಯುವುದು? ಸಮನ್ಸ್ ಹೀಗೆ ವಾಪಸ್ ಬಂದರೆ 7 ದಿನದೊಳಗೆ ಹೊಸ ಸಮನ್ಸ್ ಕೇಳಬೇಕು. ತಕ್ಕ ಕಾರಣ ತೋರಿಸದೆ ಸುಮ್ನೆ ಕೂತರೆ ದಾವೆಯೇ ವಜಾ ಆಗುತ್ತದೆ. ತಪ್ಪಿಸಿಕೊಂಡು ತಿರುಗುವವರಿಗೆ ನಾವೇ ಉಡುಗೊರೆ ಕೊಟ್ಟ ಹಾಗೆ, ಅಲ್ವಾ?

ಇನ್ನು ಬಾಗಿಲಲ್ಲೇ ನಿಂತು 'ನಾನು ಇದನ್ನು ತಗೊಳ್ಳೋದಿಲ್ಲ' ಅನ್ನುವವರೂ ಇದ್ದಾರೆ. ಅವರಿಗೆ ಅದರಿಂದ ಲಾಭ ಇಲ್ಲ. ಅಮೀನರು ಪ್ರತಿಯನ್ನು ಮನೆಯ ಹೊರಬಾಗಿಲಿಗೆ ಅಂಟಿಸಿ ಕೋರ್ಟಿಗೆ ವರದಿ ಕೊಡುತ್ತಾರೆ. ಅದನ್ನು ನೋಡಿ ಕೋರ್ಟು 'ಜಾರಿ ಆಗಿದೆ' ಎನ್ನಬಹುದು. ಬೇಕೆಂದೇ ತಲೆಮರೆಸಿಕೊಂಡಿದ್ದಾರೆ ಅಂತ ಮನವರಿಕೆಯಾದರೆ ಪತ್ರಿಕೆಯಲ್ಲಿ ಪ್ರಕಟಿಸುವ ದಾರಿಯೂ ಇದೆ. ಪತ್ರಿಕೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುವ ಕೋರ್ಟ್ ಪ್ರಕಟಣೆಗಳನ್ನು ನೋಡಿರುತ್ತೀರಿ. ಅವುಗಳಲ್ಲಿ ಎಷ್ಟೋ ಇಂಥವೇ.

ಸರಿ, ಏಕಪಕ್ಷೀಯ ಅಂತ ಬರೆದಾಯಿತು. ಆಗಲಾದರೂ ಗೆದ್ದೆವಾ? ಇಲ್ಲ. ಎದುರು ಯಾರೂ ಇಲ್ಲದಿದ್ದರೂ ನಿಮ್ಮ ಮಾತನ್ನು ನೀವು ರುಜುವಾತು ಮಾಡಲೇಬೇಕು. 2003ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ನಿಮ್ಮ ಸಾಕ್ಷ್ಯವನ್ನು ಪ್ರಮಾಣಪತ್ರದ, ಅಂದರೆ ಅಫಿಡವಿಟ್ಟಿನ, ರೂಪದಲ್ಲಿ ಕೊಡಬೇಕು. ಸಾಲದ ಪತ್ರ, ಬ್ಯಾಂಕಿನ ವಿವರ, ಕಳಿಸಿದ ನೋಟಿಸು, ಅಂಚೆಯ ರಸೀದಿ, ಇವನ್ನೆಲ್ಲ ನಿಶಾನೆ ಮಾಡಿಸಬೇಕು, ಅಂದರೆ ಸಾಕ್ಷ್ಯ ಅಂತ ಕೋರ್ಟಿನಲ್ಲಿ ಗುರುತು ಹಾಕಿಸಬೇಕು. ಮೂಲ ಪತ್ರ ಬೇಕು, ಜೆರಾಕ್ಸ್ ತಂದು ಪೆಚ್ಚಾಗಬೇಡಿ. ನನಗೆ ಕೇಳಿದರೆ ಇದು ಸುಲಭ ಅಂತ ಕಂಡರೂ ಕಷ್ಟದ ಕೆಲಸ. ಎದುರಿಗೆ ಜಗಳ ಆಡುವವರಿದ್ದರೆ ನಾವು ಎಚ್ಚರವಾಗಿರುತ್ತೇವೆ. ಯಾರೂ ಇಲ್ಲ ಅಂದಾಗ ಮೈಮರೆಯುತ್ತೇವೆ.

ಮೈಮರೆತವರು ಜಾಸ್ತಿ ಮುಗ್ಗರಿಸುವುದು ಅವಧಿಯ ವಿಷಯದಲ್ಲಿ. ಸಾಲದ ಹಣಕ್ಕೆ ದಾವೆ ಹಾಕಲು ಸಾಮಾನ್ಯವಾಗಿ 3 ವರ್ಷ. 'ಅವಧಿ ಮೀರಿದೆ ಅಂತ ಹೇಳಬೇಕಾದವರೇ ಬಂದಿಲ್ಲವಲ್ಲ' ಅಂತ ನೀವು ಅಂದುಕೊಳ್ಳಬಹುದು. ಆದರೆ ಯಾರೂ ಹೇಳದಿದ್ದರೂ ಕೋರ್ಟು ತಾನಾಗಿಯೇ ಅದನ್ನು ನೋಡಬೇಕು. 1963ರ ಕಾಲಪರಿಮಿತಿ ಕಾಯ್ದೆಯ 3ನೇ ಕಲಮು ಹೇಳುವುದು ಅದನ್ನೇ. ಮೀರಿದ್ದರೆ ಖಾಲಿ ಜಾಗದ ಎದುರೇ ನೀವು ಸೋಲುತ್ತೀರಿ.

ನಡುವೆ ಒಂದು ಮಾತು. ಅದೇ ತಾರೀಖಿಗೆ ನೀವೇ ತಪ್ಪಿಸಿಕೊಂಡು, ಅವರು ಬಂದರೆ? ಅವರು ಬಾಕಿ ಒಪ್ಪಿಕೊಳ್ಳದ ಹೊರತು ದಾವೆ ವಜಾ. ಅದೇ ಕಾರಣಕ್ಕೆ ಹೊಸ ದಾವೆ ಹಾಕುವ ಹಾಗಿಲ್ಲ. ತಕ್ಕ ಕಾರಣ ತೋರಿಸಿ ಹಳೆಯದನ್ನೇ ಮತ್ತೆ ತೆರೆಸಬೇಕು. ಹಾಗಾಗಿ ಅವರು ಹೇಗೂ ಬರೋದಿಲ್ಲ ಅಂತ ಮನೆಯಲ್ಲಿ ಕೂರಬೇಡಿ.

ಕೆಲವರು ನಡುವೆ ಪ್ರತ್ಯಕ್ಷ ಆಗುತ್ತಾರೆ. ಒಮ್ಮೆ ಬರಲಿಲ್ಲ ಅಂತ ಅವರನ್ನು ಹೊರಗೇ ನಿಲ್ಲಿಸುವುದಕ್ಕೆ ಆಗುವುದಿಲ್ಲ. ಕೇಸು ಎಲ್ಲಿಗೆ ಬಂದಿದೆಯೋ ಅಲ್ಲಿಂದ ಅವರು ಸೇರಿಕೊಳ್ಳಬಹುದು. ಒಳ್ಳೆಯ ಕಾರಣ ಕೊಟ್ಟರೆ ಮೊದಲ ದಿನವೇ ಬಂದಿದ್ದ ಹಾಗೆ ಉತ್ತರ ಕೊಡಲು ಕೋರ್ಟು ಬಿಡಬಹುದು. ನಿಮಗೆ ಖರ್ಚು ಕೊಡಿ ಅಂತಲೂ ಅವರಿಗೆ ಹೇಳಬಹುದು.

ಡಿಕ್ರಿ, ಅಂದರೆ ಕೋರ್ಟಿನ ತೀರ್ಮಾನದ ಆದೇಶ, ಆದ ಮೇಲೆ ಬರುವವರ ಕಥೆ ಬೇರೆ. ಅವರು ಡಿಕ್ರಿ ರದ್ದು ಮಾಡಿ ಅಂತ ಕೇಳಬೇಕು. ಕಾರಣ ಎರಡೇ. ಸಮನ್ಸ್ ಸರಿಯಾಗಿ ಜಾರಿ ಆಗಿರಲಿಲ್ಲ, ಇಲ್ಲವೇ ಬಾರದಿರಲು ತಕ್ಕ ಕಾರಣ ಇತ್ತು. ಇರುವ ಗಡುವು ಡಿಕ್ರಿಯಿಂದ 30 ದಿನ. ಸಮನ್ಸೇ ಜಾರಿ ಆಗಿರದಿದ್ದರೆ, ಡಿಕ್ರಿ ವಿಷಯ ಗೊತ್ತಾದ ದಿನದಿಂದ 30. ಜಾರಿಯಲ್ಲಿ ಸಣ್ಣಪುಟ್ಟ ಲೋಪ ಇತ್ತು ಅನ್ನುವುದಷ್ಟೇ ಸಾಲದು. ತಾರೀಖು ಮೊದಲೇ ಗೊತ್ತಿತ್ತು, ಬರಲು ಸಮಯವೂ ಇತ್ತು ಅಂತಾದರೆ ರದ್ದು ಮಾಡುವ ಹಾಗಿಲ್ಲ. ಅಮೀನರ ಷರಾ, ಅಂಚೆಯ ಸ್ವೀಕೃತಿ ಚೀಟಿಗಳ ನಕಲನ್ನು ಜೋಪಾನ ಮಾಡಿ ಅಂತ ನಾನು ಹೇಳುವುದು ಇದಕ್ಕೇ. ಸಣ್ಣ ಮೊತ್ತದ ದಾವೆಗಳಿಗೆಂದೇ ಇರುವ ಸ್ಮಾಲ್ ಕಾಸ್ ಕೋರ್ಟುಗಳಲ್ಲಿ ಇನ್ನೂ ಬಿಗಿ. ಈ ಕೋರ್ಟುಗಳ 1887ರ ಕೇಂದ್ರ ಕಾಯ್ದೆ ನಡೆಯುವ ಕಡೆ, ರದ್ದು ಮಾಡಿ ಅಂತ ಕೇಳುವವರು ಡಿಕ್ರಿಯ ಹಣವನ್ನು ಕೋರ್ಟಿಗೆ ಕಟ್ಟಬೇಕು, ಇಲ್ಲವೇ ಕೋರ್ಟು ಒಪ್ಪುವ ಭದ್ರತೆ ಕೊಡಬೇಕು.

ಯಾರೂ ಬಾರದೆ ಡಿಕ್ರಿ ಉಳಿಯಿತು ಅನ್ನಿ. ಅದು ಇನ್ನೂ ಕಾಗದವೇ. ಹಣ ಬರಬೇಕಾದರೆ, ಡಿಕ್ರಿಯನ್ನು ಜಾರಿಗೆ ತನ್ನಿ ಅಂತ ಅಮಲ್ಜಾರಿ ಅರ್ಜಿ ಹಾಕಬೇಕು. ಅದಕ್ಕೆ 12 ವರ್ಷದ ಅವಕಾಶ ಇದೆ. ಆದರೆ ಅಷ್ಟು ಕಾಯಬೇಡಿ. 2 ವರ್ಷ ದಾಟಿದ ಮೇಲೆ ಹಾಕಿದರೆ ಎದುರಿನವರಿಗೆ ಮೊದಲು ನೋಟಿಸು ಹೋಗಬೇಕಾಗುತ್ತದೆ. ಅಂದರೆ ಮತ್ತದೇ ವಿಳಾಸ, ಮತ್ತದೇ ಹುಡುಕಾಟ. ಬೇಗ ಹಾಕಿದರೆ ಜಪ್ತಿ ವಾರಂಟು ಹಿಡಿದು ಅಮೀನರು ನೇರವಾಗಿ ಹೋಗಬಹುದು. ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಇವನ್ನು ಜಪ್ತಿ ಮಾಡುವಂತಿಲ್ಲ. ಸಮನ್ಸ್ ತಂದಾಗ ಒಂದು ಸಲವೂ ಮನೆಯಲ್ಲಿ ಇಲ್ಲದ ಆಸಾಮಿ, ಅವತ್ತು ಮಾತ್ರ ಹೇಗೋ ಬಾಗಿಲಲ್ಲೇ ಸಿಗುತ್ತಾರೆ.

ನಮಸ್ಕಾರ.