ಬಿರುಕು ಕೆಳಗಿಂದ ಬರುತ್ತದೆ

ಕೇಳುಗರಿಗೆಲ್ಲ ನಮಸ್ಕಾರ. ಕಲಬುರಗಿಯಿಂದ ಸೇಡಂಗೆ ಓಡಾಡುವವರು ನೋಡಿರುತ್ತೀರಿ. ಡಾಂಬರ್ ರಸ್ತೆಯಲ್ಲಿ ಲಾರಿ ಗಾಲಿ ಉರುಳುವ ಜಾಡಿನಲ್ಲೇ ಉದ್ದುದ್ದ ಗೆರೆ. ಆಮೇಲೆ ಗೆರೆಗಳು ಕೂಡಿಕೊಂಡು ರಸ್ತೆ ಚೂರುಚೂರಾಗುತ್ತದೆ. ಬಿಸಿಲಿಗೆ ಒಡೆಯಿತು ಅಂತೀರಿ. ಅಲ್ಲ. ಬಿಸಿಲು ಇಡೀ ರಸ್ತೆಗೆ ಬೀಳುತ್ತದೆ, ಗಾಲಿ ಜಾಡಿಗೆ ಮಾತ್ರ ಬೀಳುತ್ತದಾ?

ಲಾರಿ ಹೋದಾಗಲೆಲ್ಲ ಡಾಂಬರ್ ಪದರ ಕಣ್ಣಿಗೆ ಕಾಣದಷ್ಟು ಬಗ್ಗಿ ಮತ್ತೆ ಏಳುತ್ತದೆ. ಬಗ್ಗಿದಾಗ ಅದರ ಅಡಿಭಾಗ ಹಿಗ್ಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಒಂದು ಸಲಕ್ಕೆ ಏನೂ ಆಗಲ್ಲ. ಲಕ್ಷಗಟ್ಟಲೆ ಸಲ ಆದರೆ ಅಡಿಯಲ್ಲಿ ಸೀಳುತ್ತದೆ, ಆ ಸೀಳು ಮೇಲಕ್ಕೆ ಹತ್ತುತ್ತದೆ. ನಿಮಗೆ ಗೆರೆ ಕಾಣುವ ಹೊತ್ತಿಗೆ ಕೆಳಗೆ ಕೆಲಸ ಮುಗಿದಿರುತ್ತದೆ.

ಸಿಮೆಂಟ್ ಲಾರಿ ಓಡಾಡುವ ಒಂದು ರಸ್ತೆಯಲ್ಲಿ ನಾವು ಕೋರ್ ತೆಗೆಯುತ್ತಿದ್ದೆವು. ಅಂದರೆ ಯಂತ್ರದಿಂದ ಡಾಂಬರನ್ನು ದುಂಡಗೆ ಕೊರೆದು ಮೇಲೆತ್ತುವುದು. ಪಕ್ಕದ ಚಹಾ ಅಂಗಡಿಯಿಂದ ಹಿರಿಯರೊಬ್ಬರು ಎದ್ದು ಬಂದರು. "ರೋಡ್ ಚಲೋನೇ ಅದಲ್ರಿ ಸಾಹೇಬ್ರೆ, ಸುಮ್ನೆ ಯಾಕ ತೂತು ಹಾಕ್ಲಿಕತ್ತೀರಿ?" ಮೇಲೆ ನೋಡಿದರೆ ಹೌದು, ಒಂದು ಗೆರೆಯೂ ಇಲ್ಲ. ಎರಡು ಜಾಡಿನ ನಡುವೆ ಕೊರೆದ ತುಂಡು ಗಟ್ಟಿಯಾಗಿಯೇ ಬಂತು. ಗಾಲಿ ಜಾಡಿನ ತುಂಡನ್ನು ತಿರುವಿ ಅವರ ಕೈಗೇ ಕೊಟ್ಟೆ. ಅಡಿಯಿಂದ ಹೊರಟ ಸೀಳು ಅರ್ಧಕ್ಕೆ ಏರಿತ್ತು. ಕಾಕಾ ಅದರೊಳಗೆ ಉಗುರು ತೂರಿಸಿದರು, ಉಗುರಿಗೆ ಕೆಸರು ಹತ್ತಿತು. "ಎಲಾ, ಒಳಗಿಂದೊಳಗ ಹೋಗ್ಯದ!" ಅಂದವರೇ ತುಂಡು ಹಿಡಿದುಕೊಂಡು ಅಂಗಡಿಗೆ ನಡೆದರು, ಕೂತವರಿಗೆಲ್ಲ ತೋರಿಸಿದರು. ಅದನ್ನು ವಾಪಸ್ ಪಡೆಯಲು ನಾನು ಅವರ ಜೊತೆ ಕೂತು ಚಹಾ ಕುಡಿಯಬೇಕಾಯಿತು.

ಹೊತ್ತಾಯಿತು, ಬೇಗ ಹೇಳುತ್ತೇನೆ. ಆಕ್ಸಲ್ ಅಂದರೆ ಲಾರಿಯ ಎರಡು ಬದಿಯ ಗಾಲಿ ಜೋಡಿಸುವ ಅಚ್ಚು. ಅದರ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ಲಾರಿಗಳನ್ನು ಓಡಿಸಿಯೇ ಕಂಡುಕೊಂಡ ಲೆಕ್ಕ ಇದು. ಹಾಗಾಗಿ ಸ್ಕೂಟರಿನವರನ್ನು ಬೈಯಬೇಡಿ. ಇನ್ನು ನಮ್ಮ ಎರೆ ಮಣ್ಣು. ನೀರು ಕುಡಿದರೆ ಮೆತ್ತಗಾಗುತ್ತದೆ, ಡಾಂಬರ್ ಇನ್ನೂ ಜಾಸ್ತಿ ಬಗ್ಗುತ್ತದೆ.

ಇಷ್ಟಾದರೂ ಒಡೆದ ರಸ್ತೆ ಮೇಲೆ ತೆಳ್ಳಗೆ ಹೊಸ ಡಾಂಬರ್ ಬಳಿಯುತ್ತೇವೆ. ಸ್ವಾಮಿ, ಬಿರುಕು ಇರುವುದು ಕೆಳಗೆ! ಅದು ಹೊಸ ಪದರಕ್ಕೂ ಹತ್ತುತ್ತದೆ. ಚೂರಾದ ಜಾಗವನ್ನು ಕಿತ್ತು, ತಳ ಗಟ್ಟಿ ಮಾಡಿಯೇ ಹಾಕಬೇಕು. ಒಂಟಿ ಗೆರೆಯಿದ್ದರೆ ಬಿಸಿ ಡಾಂಬರ್ ತುಂಬಿ ಮುಚ್ಚಿ, ನೀರಾದರೂ ಇಳಿಯುವುದಿಲ್ಲ. ಗಟಾರದ ವಿಷಯ ಉಳಿದೇ ಹೋಯಿತು. ರಸ್ತೆ ಪಕ್ಕ ನೀರು ನಿಲ್ಲುವ ಊರಿನವರು ಮಳೆ ಹಿಡಿಯುವ ಮುಂಚೆ ಹೂಳು ತೆಗೆಸಿ. ನಮಸ್ಕಾರ.