ನೀರಿಗೂ ಆಟೋಇಮ್ಯೂನ್ ಕಾಯಿಲೆಗೂ ನಂಟಿದೆಯಾ?

ಎಲ್ಲರಿಗೂ ನಮಸ್ಕಾರ.

ಲೂಪಸ್, ರುಮಟಾಯ್ಡ್ ಆರ್ಥ್ರೈಟಿಸ್, ಹಾಶಿಮೊಟೊ ಥೈರಾಯ್ಡ್, ಅಲ್ಸರೇಟಿವ್ ಕೊಲೈಟಿಸ್. ಹೆಸರು ಬೇರೆ ಬೇರೆ, ಒಳಗೆ ನಡೆಯುವುದು ಒಂದೇ. ರೋಗಾಣುವಿನ ವಿರುದ್ಧ ಹೋರಾಡಬೇಕಾದ ರಕ್ಷಣಾ ವ್ಯವಸ್ಥೆ ನಮ್ಮದೇ ಕೀಲು, ಗ್ರಂಥಿ, ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಇವನ್ನೇ ಆಟೋಇಮ್ಯೂನ್ ಕಾಯಿಲೆ ಅನ್ನುವುದು. ಇಂಥ ಕಾಯಿಲೆ ಬಂದವರು ಮೊದಲು ಕೇಳುವುದು "ನನಗೇ ಯಾಕೆ ಬಂತು?" ಅಂತ. ಸ್ವಲ್ಪ ಹೊತ್ತಿಗೆ ಇನ್ನೊಂದು ಪ್ರಶ್ನೆ ಬರುತ್ತದೆ: "ಕುಡಿಯುವ ನೀರಿನಿಂದ ಬಂದಿರಬಹುದಾ?" ಈ ಎರಡನೇ ಪ್ರಶ್ನೆಗೆ ಸಾಮಾನ್ಯವಾಗಿ ಎರಡೇ ಉತ್ತರ ಸಿಗುತ್ತವೆ. ಒಂದು, "ಹೌದು, ಎಲ್ಲಾ ನೀರಿನದ್ದೇ ಕಾಟ." ಇನ್ನೊಂದು, "ಅದೆಲ್ಲ ಸುಮ್ನೆ, ತಲೆ ಕೆಡಿಸಿಕೊಳ್ಳಬೇಡಿ." ಎರಡೂ ಸರಿಯಲ್ಲ ಅಂತ ನನಗನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ವಂಶವಾಹಿಯ ಮಾತು. ಅದರ ಪಾತ್ರ ಖಂಡಿತ ಇದೆ. ಆದರೆ ಒಂದೇ ವಂಶವಾಹಿ ಹಂಚಿಕೊಂಡ ಅವಳಿಗಳಲ್ಲಿ ಒಬ್ಬರಿಗೆ ಲೂಪಸ್ ಬಂದರೂ ಇನ್ನೊಬ್ಬರಿಗೆ ಬರದೇ ಇರುವುದೇ ಜಾಸ್ತಿ. ಅಂದರೆ ಹೊರಗಿನಿಂದಲೂ ಏನೋ ಸೇರಿಕೊಳ್ಳುತ್ತಿದೆ. ಸಿಗರೇಟಿನ ಹೊಗೆಗೂ ರುಮಟಾಯ್ಡ್ ಆರ್ಥ್ರೈಟಿಸ್‌ಗೂ ಇರುವ ಸಂಬಂಧಕ್ಕೆ ಗಟ್ಟಿ ಸಾಕ್ಷ್ಯ ಇದೆ. ಕಲ್ಲು ಒಡೆಯುವವರ ಶ್ವಾಸಕೋಶಕ್ಕೆ ಹೋಗುವ ಸಿಲಿಕಾ ಧೂಳಿನ ವಿಷಯದಲ್ಲೂ ಹಾಗೇ. ನೀರಿನ ವಿಷಯಕ್ಕೆ ಬಂದಾಗ ಸಾಕ್ಷ್ಯ ಚದುರಿಹೋಗಿದೆ.

ಇದ್ದುದರಲ್ಲಿ ದೊಡ್ಡ ಸಾಕ್ಷ್ಯ ಅಮೆರಿಕದ್ದು. ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿ, ಒಹಾಯೋ ನದಿಯ ದಡದಲ್ಲಿ ಡುಪಾಂಟ್ ಕಂಪನಿಯ ಕಾರ್ಖಾನೆ ಇತ್ತು. ಟೆಫ್ಲಾನ್ ತಯಾರಿಕೆಯಲ್ಲಿ ಬಳಸುತ್ತಿದ್ದ ಪಿಎಫ್‌ಒಎ ಎಂಬ ರಾಸಾಯನಿಕ ಅಲ್ಲಿಂದ ಸುತ್ತಲಿನ ಊರುಗಳ ಕುಡಿಯುವ ನೀರಿಗೆ ಸೇರಿತು. ಜನ ಕೋರ್ಟಿಗೆ ಹೋದರು. ರಾಜಿಯ ಭಾಗವಾಗಿ 2005-06ರಲ್ಲಿ ಸುಮಾರು 69,000 ಜನರ ರಕ್ತ ಮತ್ತು ಆರೋಗ್ಯದ ಮಾಹಿತಿ ಸಂಗ್ರಹಿಸಲಾಯಿತು. ಮೂವರು ತಜ್ಞರ ಸಮಿತಿ ವರ್ಷಗಟ್ಟಲೆ ಅದನ್ನು ಜಾಲಾಡಿತು. ಕೊನೆಗೆ ಆರು ತೊಂದರೆಗಳ ಜೊತೆ 'ಸಂಭವನೀಯ ನಂಟು' ಇದೆ ಎಂದಿತು. ಆ ಆರರಲ್ಲಿ ಒಂದು ಅಲ್ಸರೇಟಿವ್ ಕೊಲೈಟಿಸ್. ಕರುಳಿನಲ್ಲಿ ಹುಣ್ಣಾಗಿ ರಕ್ತ ಬೀಳುವ ಕಾಯಿಲೆ ಅದು. ಅದೇ ಸಮಿತಿ ಲೂಪಸ್, ರುಮಟಾಯ್ಡ್ ಆರ್ಥ್ರೈಟಿಸ್, ಟೈಪ್ 1 ಡಯಾಬಿಟಿಸ್, ಮಲ್ಟಿಪಲ್ ಸ್ಕ್ಲೆರೋಸಿಸ್‌ಗಳನ್ನೂ ನೋಡಿತು. ಅವುಗಳಿಗೆ ನಂಟು ಹೇಳುವಷ್ಟು ಸಾಕ್ಷ್ಯ ಸಿಗಲಿಲ್ಲ.

ಇನ್ನು ಸ್ವೀಡನ್ನಿನ ರಾನ್ನೆಬಿ ಎಂಬ ಊರಿಗೆ ಬನ್ನಿ. ಅಲ್ಲಿನ ವಾಯುನೆಲೆಯಲ್ಲಿ ಬೆಂಕಿ ಆರಿಸುವ ಅಭ್ಯಾಸಕ್ಕೆ ಬಳಸಿದ ನೊರೆಯಿಂದ ಇದೇ ಕುಟುಂಬದ ರಾಸಾಯನಿಕಗಳು ನೆಲದೊಳಗೆ ಇಳಿದು ನಲ್ಲಿ ನೀರಿಗೆ ಬಂದಿದ್ದವು. 2013ರ ಡಿಸೆಂಬರ್‌ನಲ್ಲಿ ಅದು ಗೊತ್ತಾಯಿತು. ಜನರ ರಕ್ತದಲ್ಲಿ ಮಟ್ಟ ತುಂಬಾ ಜಾಸ್ತಿ ಇತ್ತು. ಅಲ್ಲೂ ಕರುಳಿನ ಕಾಯಿಲೆಯ ಲೆಕ್ಕ ತೆಗೆದರು. ಸ್ಪಷ್ಟವಾದ ಹೆಚ್ಚಳ ಕಾಣಲಿಲ್ಲ.

ಹಾಗಾದರೆ ಒಬ್ಬರು ಸರಿ, ಇನ್ನೊಬ್ಬರು ತಪ್ಪಾ? ಹಾಗೆ ಹೇಳಲಾಗದು. ಒಹಾಯೋ ಕಣಿವೆಯಲ್ಲಿ ಮುಖ್ಯವಾಗಿ ಇದ್ದದ್ದು ಪಿಎಫ್‌ಒಎ. ರಾನ್ನೆಬಿಯಲ್ಲಿ ಜಾಸ್ತಿ ಇದ್ದವು ಪಿಎಫ್‌ಒಎಸ್ ಮತ್ತು ಪಿಎಫ್‌ಎಚ್‌ಎಕ್ಸ್‌ಎಸ್. ಒಂದೇ ಕುಟುಂಬದ ಅಣ್ಣತಮ್ಮಂದಿರಾದರೂ ದೇಹದೊಳಗೆ ಒಂದೇ ಥರ ನಡೆದುಕೊಳ್ಳಬೇಕೆಂದಿಲ್ಲ. ಪತ್ರಿಕೆಗಳು ಎಲ್ಲವನ್ನೂ ಸೇರಿಸಿ 'ಫಾರೆವರ್ ಕೆಮಿಕಲ್' (ಸುಲಭಕ್ಕೆ ನಾಶವಾಗದ ರಾಸಾಯನಿಕ) ಎಂದು ಕರೆದಾಗ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ನನಗೆ ಅದು ಬೇಸರದ ಸಂಗತಿ. ಕಾಯಿಲೆ ಇರುವವರಿಗೆ ಬೇಕಾದ ಉತ್ತರ ಈ ವ್ಯತ್ಯಾಸದಲ್ಲೇ ಅಡಗಿರಬಹುದು.

ದೇಹದೊಳಗೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ತೋರಿಸಿದ್ದು ಟ್ರೈಕ್ಲೋರೋಎಥಿಲೀನ್, ಅಂದರೆ ಟಿಸಿಇ. ಲೋಹದ ಭಾಗಗಳ ಜಿಡ್ಡು ತೆಗೆಯಲು ಬಳಸುತ್ತಿದ್ದ ದ್ರಾವಕ. ಸುರಿದ ಕಡೆ ನೆಲದೊಳಗೆ ಇಳಿದು ಅಂತರ್ಜಲ ಸೇರುತ್ತದೆ. ಆಟೋಇಮ್ಯೂನ್ ಕಾಯಿಲೆಯತ್ತ ಹುಟ್ಟಿನಿಂದಲೇ ಸ್ವಲ್ಪ ವಾಲಿದ ಒಂದು ತಳಿಯ ಇಲಿಗಳಿಗೆ ಇದನ್ನು ಕುಡಿಯುವ ನೀರಿನಲ್ಲಿ ತಿಂಗಳುಗಟ್ಟಲೆ ಕೊಟ್ಟು ನೋಡಿದರು. ದೇಹದಲ್ಲಿ ಟಿಸಿಇ ಒಡೆದು ಬೇರೆ ವಸ್ತುಗಳಾಗುತ್ತದೆ. ಅವು ದೇಹದ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತವೆ. ಇಲಿಗಳ ರಕ್ಷಣಾ ವ್ಯವಸ್ಥೆಯ ಟಿ ಕಣಗಳು ಕೆರಳಿದವು. ಕೆಲಸ ಮುಗಿದ ಮೇಲೆ ಸಾಯಬೇಕಾದ ಕಣಗಳು ಸಾಯದೆ ಉಳಿದವು. ಇಂಟರ್‌ಫೆರಾನ್ ಗಾಮಾ ಎಂಬ ಉರಿಯೂತದ ಸಂಕೇತವನ್ನು ಸುರಿಸತೊಡಗಿದವು. ಕಾಲಕ್ರಮೇಣ ಯಕೃತ್ತಿಗೆ ಆಟೋಇಮ್ಯೂನ್ ಉರಿಯೂತ ಬಂತು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇಲಿಗಳಿಗೆ ಕೊಟ್ಟ ಪ್ರಮಾಣ ಕುಡಿಯುವ ನೀರಿಗೆ ಅಮೆರಿಕ ಇಟ್ಟಿರುವ ಮಿತಿಗಿಂತ, ಅಂದರೆ ಲೀಟರಿಗೆ 5 ಮೈಕ್ರೋಗ್ರಾಂಗಿಂತ, ಎಷ್ಟೋ ಪಟ್ಟು ಹೆಚ್ಚು. ಆದರೂ ದಾರಿ ಇದೆ ಅಂತ ಗೊತ್ತಾಯಿತಲ್ಲ. ಮನುಷ್ಯರಲ್ಲಿ ಟಿಸಿಇ ಜೊತೆ ಕೆಲಸ ಮಾಡಿದವರಿಗೆ ಚರ್ಮ ಬಿಗಿಯುವ ಸ್ಕ್ಲೆರೋಡರ್ಮಾ ಜಾಸ್ತಿ ಎಂದು ಹಲವು ಅಧ್ಯಯನಗಳು ಹೇಳಿವೆ. ಈ ದ್ರಾವಕ ನೀರಿಗೆ ಸೇರಿದ್ದ ಅಮೆರಿಕದ ಕ್ಯಾಂಪ್ ಲೆಜೂನ್ ಸೇನಾನೆಲೆಯ ಕುಟುಂಬಗಳಿಗೆ ಚಿಕಿತ್ಸೆ ಕೊಡಲು 2012ರಲ್ಲಿ ಕಾನೂನು ಬಂದಾಗ, ಅದರ ಪಟ್ಟಿಯಲ್ಲಿ ಸ್ಕ್ಲೆರೋಡರ್ಮಾ ಕೂಡ ಇತ್ತು.

ವಿಷವೇ ಆಗಬೇಕೆಂದಿಲ್ಲ. ಅಯೋಡಿನ್ ನಮಗೆ ಬೇಕಾದ ಪೋಷಕಾಂಶ ಅಲ್ವಾ? ಚೀನಾದ ಮೂರು ಪ್ರದೇಶಗಳನ್ನು ಐದು ವರ್ಷ ಹೋಲಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅಯೋಡಿನ್ ಕಡಿಮೆ ಸಿಗುವ ಕಡೆಗಿಂತ ಅತಿಯಾಗಿ ಸಿಗುವ ಕಡೆ ಆಟೋಇಮ್ಯೂನ್ ಥೈರಾಯ್ಡ್ ಉರಿಯೂತ ಹಲವು ಪಟ್ಟು ಹೆಚ್ಚಿತ್ತು. ಅಷ್ಟೊಂದು ಅಯೋಡಿನ್ ಅಂತರ್ಜಲದಿಂದಲೂ ದೇಹಕ್ಕೆ ಬರಬಹುದು. ಆರ್ಸೆನಿಕ್, ಯುರೇನಿಯಂ ಬಗ್ಗೆಯೂ ಸುಳಿವುಗಳಿವೆ. ಯುರೇನಿಯಂ ಗಣಿಗಳ ಹತ್ತಿರ ಬದುಕುವ, ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ರಕ್ತದಲ್ಲಿ ತಮ್ಮದೇ ದೇಹದ ವಿರುದ್ಧದ ಪ್ರತಿಕಾಯಗಳು (ಆಂಟಿಬಾಡಿ) ಕಂಡಿವೆ. ಆದರೆ ಪ್ರತಿಕಾಯ ಕಂಡ ಮಾತ್ರಕ್ಕೆ ಕಾಯಿಲೆ ಬಂತು ಎನ್ನಲಾಗದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. 2003ರಲ್ಲಿ ಲೂಪಸ್ ಬಗ್ಗೆ ಒಂದು ಅಧ್ಯಯನ ಬಂತು. ಅಮೆರಿಕದ ಸೇನೆ ತನ್ನ ಸಿಬ್ಬಂದಿಯ ರಕ್ತದ ಮಾದರಿಗಳನ್ನು ತಣ್ಣಗಿನ ಕೋಣೆಯಲ್ಲಿ ಕೂಡಿಟ್ಟಿತ್ತು. ಮುಂದೆ ಲೂಪಸ್ ಬಂದ 130 ಜನರ ಹಳೆಯ ಮಾದರಿ ತೆಗೆದು ನೋಡಿದರೆ, 115 ಜನರ ರಕ್ತದಲ್ಲಿ ಕಾಯಿಲೆ ಪತ್ತೆಯಾಗುವ ಮೊದಲೇ ಅಂಥ ಪ್ರತಿಕಾಯಗಳಿದ್ದವು. ಕೆಲವರಲ್ಲಿ ಒಂಬತ್ತು ವರ್ಷಕ್ಕೂ ಮೊದಲು. ಯೋಚಿಸಿ. ಕೀಲು ನೋವು ಶುರುವಾದ ದಿನ ನೀವು ಮನೆಯ ನೀರನ್ನು ಪರೀಕ್ಷೆಗೆ ಕಳಿಸಿದರೆ, ಅದು ಹೇಳುವುದು ಇವತ್ತಿನ ನೀರಿನ ಕಥೆ. ನಿಮಗೆ ಬೇಕಾದದ್ದು ಹತ್ತು ವರ್ಷ ಹಿಂದಿನ ನೀರು. ಅಷ್ಟರಲ್ಲಿ ಮನೆ ಬದಲಾಗಿರುತ್ತದೆ, ಬಾವಿ ಮುಚ್ಚಿರುತ್ತದೆ. ರಕ್ತವನ್ನು ಕೂಡಿಟ್ಟವರಿದ್ದರು, ನೀರನ್ನು ಕೂಡಿಟ್ಟವರು ವಿರಳ. ಪುರಾವೆ ಸಿಗಲಿಲ್ಲ ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ: ಆಗ ಯಾರೂ ಅಳೆದಿರಲಿಲ್ಲ. ನೀರು ಪೂರೈಸುವವರು ಪರೀಕ್ಷೆಯ ವರದಿಗಳನ್ನು ದಶಕಗಟ್ಟಲೆ ಇಟ್ಟು, ಕೇಳಿದವರಿಗೆ ಕೊಡಬೇಕು ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಮನೆ ಮಟ್ಟದಲ್ಲಿ ಕೆಲವು ಮಾತು. ಕುದಿಸಿದರೆ ರೋಗಾಣು ಸಾಯುತ್ತವೆ, ಆರ್ಸೆನಿಕ್ ಆಗಲಿ ಪಿಎಫ್‌ಒಎ ಆಗಲಿ ಹೋಗುವುದಿಲ್ಲ. ನೀರು ಆವಿಯಾದಂತೆ ಉಳಿದ ನೀರಿನಲ್ಲಿ ಅವುಗಳ ಸಾಂದ್ರತೆ ಇನ್ನಷ್ಟು ಹೆಚ್ಚುತ್ತದೆ. ಟಿಸಿಇ ಆವಿಯಾಗುತ್ತದೆ, ಆದರೆ ಹೋಗುವುದು ನೀವು ಉಸಿರಾಡುವ ಗಾಳಿಗೆ. ಆರ್‌ಒ ಫಿಲ್ಟರ್ ಇವುಗಳಲ್ಲಿ ಹೆಚ್ಚಿನವನ್ನು ತಡೆಯುತ್ತದೆ, ಸಮಯಕ್ಕೆ ಸರಿಯಾಗಿ ಮೆಂಬ್ರೇನ್ ಬದಲಿಸಿದರೆ ಮಾತ್ರ. ಸ್ವಂತ ಬಾವಿ, ಬೋರ್‌ವೆಲ್ ಇದ್ದವರು ರುಚಿ ಬಣ್ಣ ನೋಡಿ ನಂಬಬೇಡಿ, ಲ್ಯಾಬಿಗೆ ಕಳಿಸಿ. ಈಗಾಗಲೇ ಕಾಯಿಲೆ ಇರುವವರು ನೀರು ಬದಲಿಸಿದೆ ಎಂದು ಮಾತ್ರೆ ನಿಲ್ಲಿಸಬೇಡಿ. ಒಮ್ಮೆ ಹೊತ್ತಿಕೊಂಡ ಉರಿಯೂತ ಕಾರಣ ಹೋದರೂ ತಾನಾಗಿ ಆರಬೇಕೆಂದಿಲ್ಲ. ಪಿಎಫ್‌ಒಎಯಂತೂ ರಕ್ತದಲ್ಲಿ ಅರ್ಧಕ್ಕಿಳಿಯಲು ಎರಡು ಮೂರು ವರ್ಷ ಬೇಕು.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಒಂದು ಹಾಳೆ ಬರೆದುಕೊಂಡು ಹೋಗಿ. ಯಾವ ವರ್ಷದಿಂದ ಯಾವ ವರ್ಷದವರೆಗೆ ಎಲ್ಲಿದ್ದಿರಿ, ಅಲ್ಲಿ ಕುಡಿದದ್ದು ನಲ್ಲಿ ನೀರೋ ಬಾವಿ ನೀರೋ, ಹತ್ತಿರ ಕಾರ್ಖಾನೆ, ಗಣಿ, ವಿಮಾನ ನಿಲ್ದಾಣ ಇತ್ತೋ. ಡಾಕ್ಟರ್ ಕೇಳದಿದ್ದರೂ ನೀವೇ ಕೊಡಿ, ಫೈಲಿನಲ್ಲಿ ಇಡಲು ಹೇಳಿ.