ಜಾಮೀನು ಕಟ್ಟಿದ ಗ್ಯಾಸ್ಟನ್

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಆರ್ಥರ್ ಜಾರ್ಜ್ ಗ್ಯಾಸ್ಟನ್ ಎಂಬುವವರ ಬಗ್ಗೆ ಮಾತಾಡೋಣ. ಎ.ಜಿ. ಗ್ಯಾಸ್ಟನ್ ಎಂದೇ ಜನ ಕರೆಯುತ್ತಿದ್ದರು. ಅಮೆರಿಕದ ಅಲಬಾಮಾ ರಾಜ್ಯದ ಕಪ್ಪು ಜನಾಂಗದವರು, ಗುಲಾಮರಾಗಿದ್ದವರ ಮೊಮ್ಮಗ. ಹುಟ್ಟಿದ್ದು 1892ರ ಜುಲೈ 4ರಂದು, ಡೆಮೊಪೊಲಿಸ್ ಎಂಬ ಊರಿನಲ್ಲಿ. ಕೈಹಿಡಿದ ಕಸುಬು ಸತ್ತವರನ್ನು ಮಣ್ಣು ಮಾಡಿಸುವುದು.

ಅಲ್ಲಿ ಸಾವಾದರೆ ಹೆಣವನ್ನು ಒಯ್ಯುವುದು, ತೊಳೆದು ಬಟ್ಟೆ ತೊಡಿಸುವುದು, ಪೆಟ್ಟಿಗೆ, ಗಾಡಿ, ಸ್ಮಶಾನದ ಏರ್ಪಾಡು, ಎಲ್ಲವನ್ನೂ ಫ್ಯೂನರಲ್ ಹೋಂನವರೇ ನೋಡಿಕೊಳ್ಳುತ್ತಾರೆ. ಖರ್ಚು ಜಾಸ್ತಿ. ಆ ಕಾಲದ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರಿಗೇ ಬೇರೆ, ಕಪ್ಪು ಜನರಿಗೇ ಬೇರೆ. ಬದುಕಿದ್ದಾಗ ಬಸ್ಸಿನಲ್ಲಿ ಬೇರೆ ಸೀಟು, ಸತ್ತ ಮೇಲೂ ಬೇರೆ ಜಾಗ.

ಗ್ಯಾಸ್ಟನ್ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ ಬಂದವರು. ವಾಪಸು ಬಂದ ಮೇಲೆ ಸಿಕ್ಕಿದ್ದು ಅಲಬಾಮಾದ ಬರ್ಮಿಂಗ್‌ಹ್ಯಾಮ್ ಹತ್ತಿರದ ಗಣಿ ಕಂಪನಿಯಲ್ಲಿ ಕೂಲಿ ಕೆಲಸ. ಅಲ್ಲಿ ಅಮ್ಮ ಮಾಡಿಕೊಟ್ಟ ಬುತ್ತಿಯನ್ನು ಜೊತೆಯವರಿಗೆ ಮಾರಿದರು, ಕಡಲೆಕಾಯಿ ಮಾರಿದರು, ಕೈಯಲ್ಲಿ ಕಾಸಾದ ಮೇಲೆ ಸಾಲ ಕೊಡಲು ಶುರು ಮಾಡಿದರು. ಬಡ್ಡಿ ಡಾಲರಿಗೆ 25 ಸೆಂಟು! ಸಾಧು ಮನುಷ್ಯ ಎಂದುಕೊಳ್ಳಬೇಡಿ, ಅಪ್ಪಟ ವ್ಯಾಪಾರಿ.

ಸಂಬಳದ ದಿನ ಗಣಿಯ ಹತ್ತಿರ ವಿಧವೆಯರು ಬಂದು ನಿಲ್ಲುತ್ತಿದ್ದರು. ಗಂಡನನ್ನು ಮಣ್ಣು ಮಾಡಲು ದುಡ್ಡಿಲ್ಲ, ಏನಾದರೂ ಕೊಡಿ ಎಂದು ಕೈಚಾಚುತ್ತಿದ್ದರು. ಕೂಲಿಗಳು ತಮ್ಮ ಕೈಲಾದಷ್ಟು ಹಾಕುತ್ತಿದ್ದರು. ಗ್ಯಾಸ್ಟನ್ ಇದನ್ನು ನೋಡಿದರು, ಲೆಕ್ಕ ಹಾಕಿದರು. ಸತ್ತ ಮೇಲೆ ಬೇಡುವ ಬದಲು ಬದುಕಿದ್ದಾಗಲೇ ವಾರ ವಾರ ಒಂದಿಷ್ಟು ಚಿಲ್ಲರೆ ಕಟ್ಟಿದರೆ ಹೇಗೆ? ನಮ್ಮ ಕಡೆ ಹೆಂಗಸರು ಸಂಘಕ್ಕೆ ಕಟ್ಟುತ್ತಾರಲ್ಲ, ಹಾಗೆ. 1923ರಲ್ಲಿ ಅಂಥದ್ದೊಂದು ಸಂಘ ಶುರುವಾಯಿತು. ಮುಂದೆ ಅದೇ ಬುಕರ್ ಟಿ. ವಾಷಿಂಗ್ಟನ್ ವಿಮಾ ಕಂಪನಿ ಆಯಿತು. ಮಾವನ ಜೊತೆ ಸೇರಿ ಸ್ಮಿತ್ ಅಂಡ್ ಗ್ಯಾಸ್ಟನ್ ಎಂಬ ಫ್ಯೂನರಲ್ ಹೋಂ ತೆರೆದರು. ವಿಮೆಯೂ ತಮ್ಮದೇ, ಪೆಟ್ಟಿಗೆ ಗಾಡಿಯೂ ತಮ್ಮದೇ. ಆಮೇಲೆ ಬಿಸಿನೆಸ್ ಕಾಲೇಜು, 1954ರಲ್ಲಿ ಮೋಟೆಲ್ ಎಂಬ ವಸತಿಗೃಹ, 1957ರಲ್ಲಿ ಸಾಲ-ಉಳಿತಾಯದ ಬ್ಯಾಂಕು, ಕೊನೆಗೆ ನಮ್ಮ ಥರದ ಒಂದು ರೇಡಿಯೋ ಸ್ಟೇಷನ್ ಕೂಡ.

ಇದರಲ್ಲಿ ಒಂದು ಮಾತು ಗಮನಿಸಬೇಕು. ಕಪ್ಪು ಜನಾಂಗದ ಮೇಷ್ಟರು ಸಮಾನ ಹಕ್ಕಿನ ಚಳವಳಿಗೆ ಹೋದರೆ ಕೆಲಸದಿಂದ ತೆಗೆಯಬಹುದಿತ್ತು, ಅಡುಗೆಯವಳನ್ನು ಮನೆಯಿಂದ ಓಡಿಸಬಹುದಿತ್ತು. ಗ್ಯಾಸ್ಟನ್ ಗಿರಾಕಿಗಳೆಲ್ಲ ಅವರ ಜನವೇ, ಹಾಗಾಗಿ ಆ ಅನ್ನಕ್ಕೆ ಬಿಳಿಯರು ಸುಲಭವಾಗಿ ಕಲ್ಲು ಹಾಕುವಂತಿರಲಿಲ್ಲ. ದಕ್ಷಿಣದ ಎಷ್ಟೋ ಊರುಗಳಲ್ಲಿ ಮುಂದಾಳುಗಳ ಸಾಲಿನಲ್ಲಿ ಪಾದ್ರಿಯ ಪಕ್ಕ ಈ ಕಸುಬಿನವರು ಕಾಣಿಸುವುದು ಸುಮ್ನೆ ಅಲ್ಲ.

1963ರ ಏಪ್ರಿಲಿನಲ್ಲಿ ಆ ಚಳವಳಿಯ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮಿಗೆ ಬಂದು ಉಳಿದದ್ದು ಗ್ಯಾಸ್ಟನ್ ಮೋಟೆಲ್ಲಿನ 30ನೇ ಕೋಣೆಯಲ್ಲಿ. ಆದರೆ ಮಾಲೀಕರಿಗೆ ಆ ಚಳವಳಿಯ ದಾರಿ ಅಷ್ಟಾಗಿ ಹಿಡಿಸಿರಲಿಲ್ಲ. ಬೀದಿಗಿಳಿಯುವುದಕ್ಕಿಂತ ಕೂತು ಮಾತಾಡೋಣ ಎನ್ನುವವರು ಅವರು. ಶಾಲೆಯ ಮಕ್ಕಳನ್ನು ಮೆರವಣಿಗೆಗೆ ಕರೆತರುವುದಂತೂ ಬಿಲ್‌ಕುಲ್ ಇಷ್ಟವಿರಲಿಲ್ಲ. ಬಿಳಿಯರ ಬಾಲಬಡುಕ ಎಂದು ಚಳವಳಿಯ ಒಳಗಿನವರೇ ಬೈದದ್ದೂ ಉಂಟು.

ಮೇ 3ರಂದು ಗ್ಯಾಸ್ಟನ್ ತಮ್ಮ ಆಫೀಸಿನಲ್ಲಿ ಕೂತು ಡೇವಿಡ್ ವಾನ್ ಎಂಬ ಬಿಳಿಯ ವಕೀಲರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಕಿಂಗ್ ಇಲ್ಲಿಗೆ ಬಂದು ಎಲ್ಲ ಕೆಡಿಸಿದರು ಎನ್ನುವ ಧಾಟಿಯ ಮಾತು. ಕಿಟಕಿಯಾಚೆ ಕೆಲ್ಲಿ ಇಂಗ್ರಾಂ ಪಾರ್ಕು. ಅಲ್ಲಿ ಬೆಂಕಿ ಆರಿಸುವ ಪೈಪುಗಳನ್ನು ಮಕ್ಕಳ ಮೇಲೆ ತಿರುಗಿಸಿದ್ದರು. ಒಬ್ಬ ಪುಟ್ಟ ಹುಡುಗಿ ನೀರಿನ ರಭಸಕ್ಕೆ ಬಿದ್ದು ನಡುರಸ್ತೆಯಲ್ಲಿ ಉರುಳಿಕೊಂಡು ಹೋಗುತ್ತಿದ್ದಳು. ಗ್ಯಾಸ್ಟನ್ ಅದನ್ನು ವಕೀಲರಿಗೆ ಹೇಳಿ, ಇನ್ನು ಮಾತಾಡಲಾರೆ ಎಂದು ಫೋನ್ ಇಟ್ಟರು.

ಅದಾದ ಮೇಲೆ ಅವರೇನು ಬಾವುಟ ಹಿಡಿದು ಹೊರಟರು ಅಂತಲ್ಲ, ಸ್ವಭಾವ ಹಾಗೆ ಬದಲಾಗುತ್ತದೆಯೇ? ಆದರೆ ಅದೇ ತಿಂಗಳು ಕಿಂಗ್ ಮತ್ತು ಅವರ ಜೊತೆಗಾರ ಅಬರ್ನಥಿ ಮತ್ತೆ ಜೈಲು ಸೇರಿದಾಗ 5000 ಡಾಲರ್ ಜಾಮೀನು ಕಟ್ಟಿ ಬಿಡಿಸಿದ್ದು ಇವರೇ. ವಾರ ವಾರ ಚಿಲ್ಲರೆ ಕಟ್ಟಿಸಿಕೊಂಡು ಬೆಳೆದ ಮನುಷ್ಯನ ದುಡ್ಡು ಅದು. ಇದಕ್ಕೆ ಬೆಲೆ ತೆತ್ತದ್ದೂ ಆಯಿತು. ಮೇ 11ರ ರಾತ್ರಿ ಮೋಟೆಲ್ಲಿಗೆ ಬಾಂಬು ಬಿತ್ತು. ಕಿಂಗ್ ಅಷ್ಟರಲ್ಲಿ ಊರು ಬಿಟ್ಟಿದ್ದರು. ಸೆಪ್ಟೆಂಬರಿನಲ್ಲಿ ಗ್ಯಾಸ್ಟನ್ ಮನೆಗೇ ಬೆಂಕಿಬಾಂಬು ಎಸೆದರು.

ಮುಂದಾಳು ಎಂದರೆ ಮುಂದೆ ನಡೆಯುವವನು ಎಂದುಕೊಳ್ಳುವವರಿಗೆ ಗ್ಯಾಸ್ಟನ್ ಸ್ವಲ್ಪ ಕಸಿವಿಸಿ ಮಾಡುತ್ತಾರೆ. ನನಗೂ ಅವರ ಬಡ್ಡಿ ಲೆಕ್ಕ ಅಷ್ಟು ಸರಿಕಾಣುವುದಿಲ್ಲ. ಆದರೆ ಮೆರವಣಿಗೆಯವರಿಗೆ ಮಲಗಲು ಕೋಣೆ ಬೇಕು, ಜೈಲಿಂದ ಬರಲು ಜಾಮೀನು ಬೇಕು. ಅದನ್ನು ಯಾರಾದರೂ ಕೊಡಬೇಕಲ್ವಾ?

1987ರಲ್ಲಿ, 95ರ ವಯಸ್ಸಿನಲ್ಲಿ, ಆ ವಿಮಾ ಕಂಪನಿಯನ್ನು ಅವರು ಮಾರಿದರು. ಬೆಲೆ ಸುಮಾರು 3.4 ಕೋಟಿ ಡಾಲರ್ ಎಂದು ಅಂದಾಜಿತ್ತು. ಗ್ಯಾಸ್ಟನ್ ಅದನ್ನು ಹತ್ತನೇ ಒಂದು ಪಾಲಿಗೆ, ಅಂದರೆ 34 ಲಕ್ಷಕ್ಕೆ ಕೊಟ್ಟರು. ಕೊಂಡವರು ಅಲ್ಲಿ ಕೆಲಸ ಮಾಡುತ್ತಿದ್ದ ನೌಕರರು. ಆಮೇಲೂ ಅವರು 1996ರ ಜನವರಿಯವರೆಗೆ, 103 ವರ್ಷ ತುಂಬಿದ ಮೇಲೂ ಬದುಕಿದ್ದರು. ನಮಸ್ಕಾರ.